ಗೋಜೊ ದ್ವೀಪದಲ್ಲಿ ಐದು ದಿನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮಗಳು ಫ್ರಾಂಕ್‌ಫರ್ಟ್‌ನಲ್ಲಿದ್ದಾಳೆ. ಬರುವ ಮೇ ತಿಂಗಳಲ್ಲಿ ನಾನೂ ನನ್ನ ಯಜಮಾನರೂ ಆರು ವಾರಗಳ ಮಟ್ಟಿಗೆ ಅವಳ ಮನೆಗೆ ಹೋಗುತ್ತಿದ್ದೇವೆ. ಆ ನಡುವೆ ಐದು ದಿನ ಮೆಡಿಟರೇನಿಯನ್ ಸಮುದ್ರದ ಯಾವುದಾದರೂ ಸಣ್ಣ ದ್ವೀಪದಲ್ಲಿ ಇದ್ದು ಬರುವ ಆಸೆ. ಪ್ರವಾಸ ಸಂಸ್ಥೆಯೊಂದು, ಮಾಲ್ಟಾದ ಹೋಟೆಲಿನಲ್ಲಿ ಉಳಿದು ಗೋಜೊ ಮತ್ತು ಕೊಮಿನೊ ದ್ವೀಪಗಳನ್ನು ಒಂದೇ ದಿನದಲ್ಲಿ ನೋಡಿ ಬರುವ ಯೋಜನೆಯನ್ನು ಕೊಟ್ಟಿದೆ. ನಮಗಿಬ್ಬರಿಗೂ ಅರವತ್ತು ದಾಟಿದೆ, ಈಜು ಬಾರದು, ಯಜಮಾನರಿಗೆ ಮಂಡಿನೋವು. ಈ ಯೋಜನೆಯನ್ನು ಒಪ್ಪಬಹುದೇ? ಬೇರೆ ವೀಸಾ ಬೇಕಾಗುವುದೇ?
— ಓದುಗರು, ಮೈಸೂರು

ಉತ್ತರ: ಯೋಜನೆಯನ್ನು ತಿರುವುಮುರುವು ಮಾಡಿಕೊಳ್ಳಿ ಎಂಬುದೇ ನಮ್ಮ ಸಲಹೆ. ಗೋಜೊದಲ್ಲಿ ಉಳಿದುಕೊಂಡು, ಬೇಕೆನಿಸಿದರೆ ಒಂದು ದಿನ ಮಾಲ್ಟಾದ ರಾಜಧಾನಿ ವಲೆಟ್ಟಾಕ್ಕೆ ಹೋಗಿ ಬನ್ನಿ. ಮಾಲ್ಟಾ ದೇಶಕ್ಕೇ ಸೇರಿದ ಗೋಜೊದ ವಿಸ್ತೀರ್ಣ 67 ಚದರ ಕಿಲೋಮೀಟರ್ ಮಾತ್ರ. ಉದ್ದ ಸುಮಾರು 14, ಅಗಲ ಸುಮಾರು 7 ಕಿಲೋಮೀಟರ್. ಇಷ್ಟು ಚಿಕ್ಕದೆಂಬ ಕಾರಣಕ್ಕೇ ಅದನ್ನು ಒಂದು ದಿನದ ಲೆಕ್ಕಕ್ಕೆ ಇಳಿಸುವುದು ರೂಢಿಯಾಗಿದೆ. ಆದರೆ ಬೆಳಿಗ್ಗೆ ಬಂದು ಸಂಜೆ ಹೋಗುವ ಜನರೆಲ್ಲ ಒಂದೇ ವೇಳೆಗೆ ಅದೇ ನಾಲ್ಕು ಜಾಗಗಳಿಗೆ ಮುಗಿಬೀಳುವುದರಿಂದ, ಅವರು ಕಾಣುವುದು ಒಬ್ಬರ ಬೆನ್ನನ್ನು ಇನ್ನೊಬ್ಬರು. ಸಂಜೆಯ ದೋಣಿಗಳು ಹೊರಟ ಮೇಲೆ ಮತ್ತು ಮರುದಿನ ಬೆಳಗಿನ ಹತ್ತು ಗಂಟೆಯೊಳಗೆ ಅಲ್ಲೇ ಇರುವವರಿಗೆ ಮಾತ್ರ ಆ ಊರು ಸಿಗುತ್ತದೆ.

ವೀಸಾದ ವಿಷಯದಲ್ಲಿ ನೀವು ಅದೃಷ್ಟವಂತರು. ಮಾಲ್ಟಾ 2007ರ ಡಿಸೆಂಬರಿನಿಂದ ಶೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿದೆ. ಹೆಚ್ಚು ದಿನ ಉಳಿಯುವ ದೇಶ ಜರ್ಮನಿಯಾದ್ದರಿಂದ ಜರ್ಮನಿಯ ವೀಸಾಕ್ಕೇ ಅರ್ಜಿ ಹಾಕಬೇಕು, ಅದರಲ್ಲೇ ಮಾಲ್ಟಾಕ್ಕೂ ಹೋಗಬಹುದು. ಒಂದೇ ಪ್ರವೇಶದ ವೀಸಾ ಕೊಟ್ಟಿದ್ದರೂ ಚಿಂತೆಯಿಲ್ಲ, ಏಕೆಂದರೆ ಫ್ರಾಂಕ್‌ಫರ್ಟ್‌ನಿಂದ ಮಾಲ್ಟಾಕ್ಕೆ ನೇರ ವಿಮಾನದಲ್ಲಿ ಹೋಗಿ ಬಂದರೆ ನೀವು ವಲಯದ ಹೊರಗೆ ಕಾಲಿಟ್ಟಂತಾಗುವುದಿಲ್ಲ. ಅರ್ಜಿಯೊಂದಿಗೆ ಕೊಡುವ ದಿನಚರಿಯಲ್ಲಿ ಈ ಐದು ದಿನಗಳನ್ನು ಮುಚ್ಚಿಡದೆ ಬರೆಯಿರಿ.

ಗೋಜೊದಲ್ಲಿ ವಿಮಾನ ನಿಲ್ದಾಣವಿಲ್ಲ. ಮಾಲ್ಟಾದಲ್ಲಿ ಇಳಿದು, ಉತ್ತರದ ತುದಿಯಲ್ಲಿರುವ ಚಿರ್ಕೆವ್ವಾಕ್ಕೆ ಟ್ಯಾಕ್ಸಿಯಲ್ಲೋ ಎಕ್ಸ್-1 ಬಸ್ಸಿನಲ್ಲೋ ಹೋಗಿ, ಅಲ್ಲಿಂದ ಕಾರು-ಲಾರಿಗಳನ್ನೂ ಹೊತ್ತೊಯ್ಯುವ ದೊಡ್ಡ ಫೆರಿ ಹತ್ತಿದರೆ ಇಪ್ಪತ್ತೈದು ನಿಮಿಷಗಳಲ್ಲಿ ಗೋಜೊದ ಇಮ್ಜಾರ್ ಬಂದರು. ಹತ್ತುವಾಗ ಯಾರೂ ಟಿಕೆಟ್ ಕೇಳದಿದ್ದರೆ ಗಾಬರಿಯಾಗಬೇಡಿ. ಈ ಫೆರಿಯ ಹಣವನ್ನು ಗೋಜೊದಿಂದ ಹಿಂತಿರುಗುವಾಗ ಮಾತ್ರ ತೆಗೆದುಕೊಳ್ಳುತ್ತಾರೆ. 2021ರಿಂದ ವಲೆಟ್ಟಾದಿಂದಲೇ ಹೊರಡುವ ವೇಗದ ದೋಣಿಯೂ ಇದೆ, ಮುಕ್ಕಾಲು ಗಂಟೆಯ ಹಾದಿ. ಆದರೆ ಗಾಳಿ ಎದ್ದ ದಿನ ಮೊದಲು ರದ್ದಾಗುವುದು ಅದೇ; ವಾಪಸು ವಿಮಾನ ಹಿಡಿಯುವ ದಿನ ಅದನ್ನು ನೆಚ್ಚಿಕೊಳ್ಳದೆ ದೊಡ್ಡ ಫೆರಿಯಲ್ಲೇ ಬನ್ನಿ.

ಉಳಿಯಲು ದ್ವೀಪದ ನಡುವಿನ ವಿಕ್ಟೋರಿಯಾ ಪಟ್ಟಣವನ್ನು ಆರಿಸಿಕೊಳ್ಳಿ. ಹೆಚ್ಚಿನ ಬಸ್ಸುಗಳು ಹೊರಡುವುದು ಅಲ್ಲಿಂದಲೇ, ಬಂದು ಸೇರುವುದೂ ಅಲ್ಲಿಗೇ. ಸಮುದ್ರ ಕಿಟಕಿಯಲ್ಲೇ ಕಾಣಬೇಕೆಂದಿದ್ದರೆ ಶ್ಲೆಂಡಿ ಊರು ಆಗಬಹುದು. ಅಲ್ಲಿ ನೀರಿನಂಚಿಗೆ ಸಮತಟ್ಟಾದ ಕಾಲುದಾರಿ ಇದೆ, ಮಂಡಿಗೆ ತೊಂದರೆಯಿಲ್ಲ.

ವಿಕ್ಟೋರಿಯಾದ ನೆತ್ತಿಯ ಮೇಲಿರುವ ಕೋಟೆಗೆ ಚಿಟ್ಟಾಡೆಲ್ಲಾ ಎನ್ನುತ್ತಾರೆ. 1551ರಲ್ಲಿ ತುರ್ಕಿಯ ಅಟೊಮನ್ ಸಾಮ್ರಾಜ್ಯದ ನೌಕಾಪಡೆ ಇದನ್ನು ಮುತ್ತಿ, ದ್ವೀಪದ ಹೆಚ್ಚುಕಡಿಮೆ ಎಲ್ಲ ಜನರನ್ನೂ, ಅಂದರೆ ಐದಾರು ಸಾವಿರ ಮಂದಿಯನ್ನು, ಗುಲಾಮರನ್ನಾಗಿ ಹಿಡಿದುಕೊಂಡು ಹೋಯಿತು. ಗೋಜೊದವರು ರಾತ್ರಿ ಕೋಟೆಯೊಳಗೇ ಮಲಗಬೇಕೆಂಬ ಕಟ್ಟಳೆ 1637ರವರೆಗೂ ಇತ್ತು. ಇದನ್ನು ತಿಳಿದು ಗೋಡೆಯ ಮೇಲೆ ನಿಂತು ನಾಲ್ಕೂ ಕಡೆಯ ಸಮುದ್ರವನ್ನು ನೋಡಿದರೆ, ಆ ನೋಟ ಚೆಂದಕ್ಕಾಗಿ ಇದ್ದದ್ದಲ್ಲ, ಕಾವಲಿಗಾಗಿ ಇದ್ದದ್ದು ಎಂದು ಅರಿವಾಗುತ್ತದೆ. ಕೋಟೆಯೊಳಗಿನ ಕೆಥೆಡ್ರಲ್‌ನಲ್ಲಿ ಒಂದು ಸೋಜಿಗವಿದೆ. ಹೊರಗಿನಿಂದ ನೋಡಿದರೆ ಅದಕ್ಕೆ ಗುಮ್ಮಟವೇ ಇಲ್ಲ. ಒಳಗೆ ಹೋಗಿ ನಡುವಿನ ಸಾಲಿನಲ್ಲಿ ನಿಂತು ತಲೆಯೆತ್ತಿದರೆ ಕಿಟಕಿ, ಕಮಾನುಗಳ ಸಮೇತ ಎತ್ತರದ ಗುಮ್ಮಟ ಕಾಣುತ್ತದೆ. ಅದು ಚಪ್ಪಟೆ ಚಾವಣಿಯ ಮೇಲೆ 1739ರಲ್ಲಿ ಬರೆಸಿದ ಚಿತ್ರ. ಪೂಜಾವೇದಿಕೆಯ ಹತ್ತಿರ ಹೋಗಿ ಹಿಂದಿರುಗಿ ನೋಡಿ: ಅದೇ ಗುಮ್ಮಟ ಒಂದು ಪಕ್ಕಕ್ಕೆ ವಾಲಿಕೊಂಡು, ಗುಟ್ಟು ರಟ್ಟಾಗುತ್ತದೆ.

ಇನ್ನೊಂದು ಪೂರ್ತಿ ಬೆಳಗನ್ನು ಶಾರಾ ಊರಿನ ಜ್ಗಂತೀಯಾ ದೇಗುಲಗಳಿಗೆ ಮೀಸಲಿಡಿ. ಕ್ರಿಸ್ತಪೂರ್ವ 3600ರ ಸುಮಾರಿನಿಂದ ಕಟ್ಟಿದ ಇವು ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು. 1980ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಹೊರಗೋಡೆಗೆ ಗಟ್ಟಿಯಾದ ಒರಟು ಸುಣ್ಣಕಲ್ಲು, ಒಳಗಿನ ಬಾಗಿಲುಗಳಿಗೆ ಕೆತ್ತಲು ಹದವಾದ ಹಳದಿ ಸುಣ್ಣಕಲ್ಲು ಎಂದು ಅವರು ಆರಿಸಿಕೊಂಡದ್ದನ್ನು ಗಮನಿಸಿ; ಲೋಹವಿಲ್ಲದ ಕಾಲದ ಜನ ಅವರು. ಮಗುವನ್ನು ಎತ್ತಿಕೊಂಡೇ ಈ ಬಂಡೆಗಳನ್ನು ಹೊತ್ತು ತಂದ ದೈತ್ಯ ಹೆಂಗಸೊಬ್ಬಳ ಕಥೆಯನ್ನು ಊರಿನವರು ಹೇಳುತ್ತಾರೆ. ಪ್ರವೇಶದ ಟಿಕೆಟ್ಟಿನಲ್ಲೇ ಹತ್ತಿರದ ಹದಿನೆಂಟನೆಯ ಶತಮಾನದ ಗಾಳಿಗಿರಣಿಯನ್ನೂ ನೋಡಬಹುದು.

ಕೊಮಿನೊದ ನೀಲಿ ಲಗೂನ್ ಎಂಬ ಈಜುತಾಣವನ್ನು ಕೈಬಿಡಿ ಎನ್ನುತ್ತೇವೆ. ಈಜು ಬಾರದವರಿಗೆ ಅಲ್ಲಿ ನೆರಳಿಲ್ಲದ ಬಂಡೆ ಮತ್ತು ಜನಜಂಗುಳಿ ಬಿಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ. ಅದರ ಬದಲು ಮಾರ್ಸಲ್ಫೋರ್ನ್‌ನಿಂದ ಶ್ವೇನಿ ಕಡೆಗೆ ಸಮುದ್ರದ ಪಕ್ಕದಲ್ಲೇ ಸಾಗುವ ರಸ್ತೆಯಲ್ಲಿ ಸಂಜೆ ನಡೆಯಿರಿ. ದಡದ ಬಂಡೆಯಲ್ಲಿ ಚೌಕಚೌಕವಾಗಿ ಕಡೆದ ಉಪ್ಪಿನ ಮಡಿಗಳು ಅಲ್ಲಿ ಸಾಲುಗಟ್ಟಿವೆ. ಕೆಲವು ಕುಟುಂಬಗಳು ತಲೆಮಾರುಗಳಿಂದ ಬೇಸಿಗೆಯಲ್ಲಿ ಅಲ್ಲಿ ಉಪ್ಪು ತೆಗೆಯುತ್ತ ಬಂದಿವೆ. ಮೇ ತಿಂಗಳಲ್ಲಿ ಮಡಿಗಳನ್ನು ಶುಚಿ ಮಾಡಿ ನೀರು ತುಂಬುವ ಕೆಲಸ ಕಣ್ಣಿಗೆ ಬೀಳಬಹುದು. ಫೋಟೊದ ಆಸೆಗೆ ಮಡಿಗಳೊಳಗೆ ಕಾಲಿಡುವುದು ಬೇಡ, ಅದು ಅವರ ಅನ್ನದ ಬಟ್ಟಲು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಗೋಜೊದಲ್ಲಿ ಊಟಕ್ಕೆ ಏನು ಗತಿ?
— ಓದುಗರು, ಉಡುಪಿ

ಉತ್ತರ: ಉಪವಾಸವೇನೂ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಮಾಲ್ಟಾದವರು ತಮ್ಮದೆಂದು ಹೆಮ್ಮೆಯಿಂದ ಬಡಿಸುವುದು ಮೊಲದ ಮಾಂಸದ ಸಾರು. ಸಸ್ಯಾಹಾರ ಅವರ ಅಡುಗೆಯಲ್ಲಿ ಇದ್ದರೂ ಹೆಸರು ಹಾಕಿಕೊಂಡು ಇರುವುದಿಲ್ಲ. ಬೀನ್ಸ್ ಕಾಳನ್ನು ಬೆಳ್ಳುಳ್ಳಿಯೊಂದಿಗೆ ಅರೆದು ಮಾಡುವ ಬಿಗಿಲ್ಲಾ, ಬದನೆ-ಟೊಮ್ಯಾಟೊಗಳ ಕಪುನಾತಾ, ಇವೆರಡನ್ನೂ ಬ್ರೆಡ್ಡಿನೊಂದಿಗೆ ನೆಮ್ಮದಿಯಾಗಿ ತಿನ್ನಬಹುದು. ಗೋಜೊದ ಹೆಸರುವಾಸಿ ಫ್ತೀರಾ ಎಂದರೆ ತೆಳುವಾಗಿ ಕತ್ತರಿಸಿದ ಆಲೂಗಡ್ಡೆಯನ್ನು ಹಿಟ್ಟಿನ ಮೇಲೆ ಹರಡಿ ಒಲೆಯಲ್ಲಿ ಸುಡುವ ತಿಂಡಿ. ಅದರಲ್ಲಿ ಆಂಚೊವಿ ಮೀನು ಸೇರುವುದು ಸಾಮಾನ್ಯವಾದ್ದರಿಂದ ಮೊದಲೇ ಬೇಡವೆನ್ನಿ, ಮೊಟ್ಟೆ-ಗಿಣ್ಣು ಬೆರೆಸಿದ ಬಗೆಯೂ ಇದೆ. ಬಟಾಣಿ ತುಂಬಿದ ಪಸ್ತಿತ್ಸಿ ಎಂಬ ಪದರದ ತಿಂಡಿ ನೋಡಲು ನಿರಪಾಯಕಾರಿ, ಆದರೆ ಅದರ ಪದರಗಳಿಗೆ ಹಂದಿಯ ಕೊಬ್ಬನ್ನು ಬಳಸುವ ಅಂಗಡಿಗಳಿವೆ. ಜ್ಬೇನಿಯೆತ್ ಎಂಬ ಪುಟ್ಟ ದುಂಡು ಗಿಣ್ಣನ್ನು ಪ್ರಾಣಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಹಾಕಿ ಹೆಪ್ಪುಗಟ್ಟಿಸುವುದು ವಾಡಿಕೆ. ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಗಳಲ್ಲೊಂದಾದ್ದರಿಂದ ಇಷ್ಟೆಲ್ಲ ವಿಚಾರಿಸಲು ಕಷ್ಟವಿಲ್ಲ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದು ಒಂದು ಹೊತ್ತಿನ ಅನ್ನ-ಸಾರು ಮಾಡಿಕೊಳ್ಳುವುದೇ ಜಾಣತನ. ಸಾರಿನ ಪುಡಿ ಪೆಟ್ಟಿಗೆಯಲ್ಲಿರಲಿ.

ಪ್ರಶ್ನೆ: ನಾನು ಲಂಡನ್ನಿನಲ್ಲಿ ಕೆಲಸ ಮಾಡುವ ದಾವಣಗೆರೆಯವನು. ಆಗಸ್ಟ್ ಮಧ್ಯದಲ್ಲಿ ಸ್ನೇಹಿತರೊಡನೆ ಮೂರು ದಿನ ಗೋಜೊಗೆ ಹೋಗುವ ಯೋಚನೆ. ಕಾರು ಬೇಕೇ, ಬಸ್ಸು ಸಾಕೇ? ಡ್ವೇರಾ ತೀರದ ಬಂಡೆಯ ಸಮುದ್ರ ಕಮಾನನ್ನು ನೋಡಲು ಯಾವ ಹೊತ್ತು ಒಳ್ಳೆಯದು?
— ಓದುಗರು, ಲಂಡನ್

ಉತ್ತರ: ಕಮಾನು ಈಗಿಲ್ಲ. 2017ರ ಮಾರ್ಚ್ 8ರ ಬಿರುಗಾಳಿಯಲ್ಲಿ ಅದು ಪೂರ್ತಿಯಾಗಿ ಕುಸಿದು ಸಮುದ್ರ ಸೇರಿತು. ಅದರ ಚಿತ್ರವನ್ನು ಇನ್ನೂ ಜಾಹೀರಾತುಗಳಿಂದ ತೆಗೆಯದಿರುವುದು ವ್ಯಾಪಾರಿಗಳ ಸೋಮಾರಿತನವೆನ್ನದೆ ವಿಧಿಯಿಲ್ಲ. ಆದರೂ ಡ್ವೇರಾಕ್ಕೆ ಹೋಗಿ. ಅಲ್ಲಿನ ಒಳಸಮುದ್ರವೆಂಬ ಕೊಳದಿಂದ ಸಣ್ಣ ದೋಣಿಗಳು ಬಂಡೆಯ ಸುರಂಗದೊಳಗೆ ಹಾದು ಹೊರಗಿನ ಕಡಲಿಗೆ ಕರೆದೊಯ್ಯುತ್ತವೆ. ಅಲೆ ಜೋರಿದ್ದರೆ ದೋಣಿ ಇಳಿಸುವುದಿಲ್ಲ, ಒತ್ತಾಯಿಸಬೇಡಿ.

ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಬ್ರಿಟನ್ನಿನ ವಾಸದ ಪರವಾನಗಿ ಸಾಲದು, ಶೆಂಗೆನ್ ವೀಸಾ ಬೇಕು. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ ಹದಿನೈದು ದಿನ ಮುಂಚೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆಯಲ್ಲಿ ಸಂದರ್ಶನದ ದಿನಾಂಕಗಳೇ ಸಿಗುವುದು ದುರ್ಲಭವಾದ್ದರಿಂದ ವಿಮಾನದ ಟಿಕೆಟ್ಟಿಗಿಂತ ಮೊದಲು ಇದನ್ನು ನೋಡಿಕೊಳ್ಳಿ.

ದಿನಾಂಕವನ್ನೂ ಮತ್ತೊಮ್ಮೆ ಯೋಚಿಸಿ. ಆಗಸ್ಟ್ 15 ಸಾಂತಾ ಮರಿಯಾ ಹಬ್ಬ. ರಜೆ ಹಾಕಿದ ಮಾಲ್ಟಾದವರೇ ಗೋಜೊಗೆ ಬರುತ್ತಾರೆ, ಫೆರಿಗೆ ಕಾರುಗಳ ಸಾಲು ಬೆಳೆಯುತ್ತದೆ, ಕೊಠಡಿಗಳ ಬೆಲೆ ಏರುತ್ತದೆ, ಬೆಳಿಗ್ಗೆಯೇ ಕದಿನಿಗಳ (ಸಿಡಿಮದ್ದಿನ) ಸದ್ದು ಶುರುವಾಗುತ್ತದೆ. ಊರ ಜಾತ್ರೆಯ ಗದ್ದಲ ಇಷ್ಟಪಡುವವರಾದರೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ವಿಕ್ಟೋರಿಯಾದ ಎರಡು ಚರ್ಚುಗಳ ಭಕ್ತರ ನಡುವೆ ಹಳೆಯ ಪೈಪೋಟಿ. ಎರಡೂ ಕಡೆಯವರಿಗೆ ಪ್ರತ್ಯೇಕ ಬ್ಯಾಂಡ್ ಸಂಘ, ಒಂದೇ ಬೀದಿಯಲ್ಲಿ ಪ್ರತ್ಯೇಕ ಒಪೆರಾ ರಂಗಮಂದಿರ. ಪಟ್ಟಣದ ಗಾತ್ರಕ್ಕೆ ಇದು ಅತಿಯೆನಿಸಿದರೂ, ಆ ಹಟದಿಂದಲೇ ಪ್ರತಿ ಅಕ್ಟೋಬರಿನಲ್ಲಿ ಎರಡು ಒಪೆರಾಗಳು ಅಲ್ಲಿ ರಂಗಕ್ಕೆ ಬರುತ್ತವೆ. ಬಿಸಿಲು, ಜನ ಎರಡೂ ಬೇಡ, ಈಜು ಬೇಕು ಎನ್ನುವವರಿಗೆ ಸೆಪ್ಟೆಂಬರ್ ಕೊನೆಯ ವಾರಗಳು ಒಪ್ಪುತ್ತವೆ. ಸಮುದ್ರದ ನೀರು ಆಗಲೂ ಬೆಚ್ಚಗಿರುತ್ತದೆ.

ಮೂರೇ ದಿನವಾದರೆ ಕಾರು ತೆಗೆದುಕೊಳ್ಳಿ. ಹೆಚ್ಚಿನ ಬಸ್ಸುಗಳು ವಿಕ್ಟೋರಿಯಾದ ಮೂಲಕವೇ ಹೋಗುವುದರಿಂದ ಪಕ್ಕದ ಊರಿಗೂ ಸಾಮಾನ್ಯವಾಗಿ ನಡುವೆ ಇಳಿದು ಇನ್ನೊಂದು ಹತ್ತಬೇಕು. ರಮ್ಲಾದ ಕೆಂಪು ಮರಳಿನ ದಡದಿಂದ ಶ್ಲೆಂಡಿಗೆ ಹೊರಟವರ ಮಧ್ಯಾಹ್ನ ಅದರಲ್ಲೇ ಕಳೆದುಹೋಗುತ್ತದೆ. ವಾಹನಗಳು ನಮ್ಮಲ್ಲಿಯಂತೆ ಎಡಕ್ಕೇ ಓಡುವುದು ಅನುಕೂಲ. ಹಳ್ಳಿಯ ಬೀದಿಗಳು ಬಹಳ ಕಿರಿದಾದ್ದರಿಂದ ಅವರಲ್ಲಿರುವ ಅತಿ ಸಣ್ಣ ಕಾರನ್ನೇ ಕೇಳಿ ಪಡೆಯಿರಿ, ಕನ್ನಡಿಗಳಿಗೂ ಗೀರುಗಳಿಗೂ ವಿಮೆಯಿದೆಯೇ ಎಂದು ಓದಿ ಸಹಿ ಹಾಕಿ, ಕಾರನ್ನು ಪಡೆದ ಕೂಡಲೇ ಸುತ್ತಲೂ ವಿಡಿಯೊ ತೆಗೆದಿಟ್ಟುಕೊಳ್ಳಿ. ಇಮ್ಜಾರ್ ಬಂದರಿನಲ್ಲೇ ಕಾರು ಕೊಡುವವರು ಸಿಕ್ಕರೆ ಫೆರಿಯ ವಾಹನ ಶುಲ್ಕವೂ ಸಾಲಿನಲ್ಲಿ ಕಾಯುವುದೂ ಉಳಿಯುತ್ತದೆ.