ಸಂಪಾದಕರ ಉತ್ತರ: ಸಾವಿನ ಮನೆಗೆ ಯಾವ ಬಟ್ಟೆ?

ಮಾನ್ಯರೇ,

ಅಂತ್ಯಸಂಸ್ಕಾರಕ್ಕೆ ಹಳದಿ ಅಂಗಿ ತೊಟ್ಟು ಬಂದ ತರುಣನನ್ನು ಕಂಡು ನೊಂದು ನೀವು ಬರೆದ ಪತ್ರವನ್ನು ಓದಿದೆ. ಸಾವಿನ ಮನೆಗೆ ಬರುವವರಿಗೆ ಬಣ್ಣದ ನಿಯಮವೊಂದಿರಬೇಕು, ಅದನ್ನು ಪತ್ರಿಕೆಯೇ ಸಾರಬೇಕು ಎಂದಿದ್ದೀರಿ. ಮಿರುಗುವ ಬಟ್ಟೆ, ಎದೆಯ ಮೇಲೆ ತಮಾಷೆಯ ಬರಹವಿರುವ ಟೀ ಶರ್ಟ್, ಸದ್ದು ಮಾಡುವ ಒಡವೆ ಅಲ್ಲಿಗೆ ಸಲ್ಲವೆಂಬುದು ಸರಿ. ಅಷ್ಟರ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ.

ಆದರೆ ಯಾವ ಬಣ್ಣವನ್ನು ಸಾರೋಣ? ಪ್ರಾಚೀನ ರೋಮನರು ಶೋಕಕ್ಕೆ ಟೋಗಾ ಎಂಬ ಮೇಲುಹೊದಿಕೆಯನ್ನು ಕಡುಬಣ್ಣದಲ್ಲಿ ಹೊದೆಯುತ್ತಿದ್ದರು. ಕೊರಿಯಾದಲ್ಲಿ ಬಣ್ಣ ಹಾಕದ ಒರಟು ನಾರುಬಟ್ಟೆ ಶೋಕದ ಉಡುಪಾಗಿತ್ತು. ಘಾನಾದಲ್ಲಿ ಕಪ್ಪಿನ ಜೊತೆಗೆ ಕೆಂಪೂ ಸಲ್ಲುತ್ತದೆ. 1861ರಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ಬದುಕಿನುದ್ದಕ್ಕೂ ಕಪ್ಪುಡುಗೆಯನ್ನು ಬಿಡದಿದ್ದ ವಿಕ್ಟೋರಿಯಾ ರಾಣಿಯೇ ತನ್ನ ಅಂತ್ಯಸಂಸ್ಕಾರ ಬಿಳಿಯಲ್ಲಿ ನಡೆಯಲೆಂದು ಬರೆದಿಟ್ಟಿದ್ದಳು. 1901ರಲ್ಲಿ ಆಕೆಯನ್ನು ಬಿಳಿ ಉಡುಪಿನಲ್ಲಿ, ಮದುವೆಯ ಮುಸುಕಿನೊಂದಿಗೆ ಶವಪೆಟ್ಟಿಗೆಯಲ್ಲಿ ಮಲಗಿಸಿದರು. ಮನೆಯವರು ಇಂಥದ್ದೇ ತೊಟ್ಟು ಬನ್ನಿ ಎಂದಿದ್ದರೆ ಅದೇ ಕೊನೆಯ ಮಾತು. ಹೇಳದಿದ್ದರೆ ಸಾದಾ, ಶುಭ್ರವಾದ, ನೆಲದ ಮೇಲೆ ಕೂರಲು ಮತ್ತು ಹೆಗಲು ಕೊಡಲು ತೊಡಕಾಗದ ಬಟ್ಟೆ ಸಾಕು.

ಇನ್ನು ಆ ತರುಣನ ವಿಷಯ. ಸುದ್ದಿ ತಿಳಿದೊಡನೆ ಕೆಲಸ ಬಿಟ್ಟು ನೇರವಾಗಿ ಬಂದನೆಂದೂ, ಎಲ್ಲರೂ ಹೋದ ಮೇಲೂ ಉಳಿದು ಕುರ್ಚಿಗಳನ್ನು ಎತ್ತಿಟ್ಟನೆಂದೂ ನೀವೇ ಬರೆದಿದ್ದೀರಿ. ಅದನ್ನು ಒಂದು ಸಾಲಿನಲ್ಲಿ ಮುಗಿಸಿ, ಅವನ ಅಂಗಿಗೆ ಎರಡು ಪುಟ ಮೀಸಲಿಟ್ಟಿರುವುದು ನಿಮ್ಮಂಥ ಸಹೃದಯರಿಗೆ ತಕ್ಕುದಲ್ಲ. ಹಿಂದೆ ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ತೀರಿಕೊಂಡಾಗ ಮುದ್ರಣಾಲಯದವರೆಲ್ಲ ಶಾಯಿ ಮೆತ್ತಿದ ಬಟ್ಟೆಯಲ್ಲೇ ಹೋಗಿ, ಒಳಗೆ ಕಾಲಿಡಲು ಹಿಂಜರಿದು ಬಾಗಿಲಲ್ಲೇ ನಿಂತಿದ್ದರು. ಅವರ ಪತ್ನಿ ತಾವೇ ಎದ್ದು ಬಂದು ಒಳಗೆ ಕರೆದರು.

ನನ್ನ ಹಳೆಯ ತಕರಾರೊಂದನ್ನೂ ಹೇಳಿಬಿಡುತ್ತೇನೆ. ಈ ಉಡುಪಿನ ತಪಾಸಣೆ ಯಾವತ್ತೂ ಹೆಂಗಸರ ಮೇಲೇ ಹೆಚ್ಚು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಶಿಷ್ಟಾಚಾರವು ವಿಧವೆಗೆ ಎರಡು ವರ್ಷಕ್ಕೂ ಮೀರಿದ ಶೋಕದುಡುಪನ್ನು ವಿಧಿಸಿತ್ತು. ಹೆಂಡತಿಯನ್ನು ಕಳೆದುಕೊಂಡ ಗಂಡಸಿಗೆ ಅಷ್ಟು ದೀರ್ಘವಾದ ಕಟ್ಟುಪಾಡೇನೂ ಇರಲಿಲ್ಲ. ಈಗಲೂ ತಾಯಿಯನ್ನು ಕಳೆದುಕೊಂಡ ಮಗಳ ಕಿವಿಯೋಲೆಯನ್ನು ಗಮನಿಸುವ ಕಣ್ಣುಗಳಿಗೆ, ಪಕ್ಕದಲ್ಲೇ ಮೊಬೈಲ್ ಎತ್ತಿ ಶವದ ಚಿತ್ರ ತೆಗೆಯುವವರು ಕಾಣಿಸುವುದಿಲ್ಲ. ನಿಮ್ಮ ಮುಂದಿನ ಪತ್ರ ಅವರನ್ನು ಕುರಿತು ಬರಲಿ. ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂಪಾದಕ