ಕೊರಡು ಅಂದಿದ್ದು ನಾನೇ, ಮೇಷ್ಟ್ರೇ

ಸಂಪಾದಕರ ಉತ್ತರ

ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇದು: "ಕಳೆದ ಸಂಚಿಕೆಯಲ್ಲಿ ರೋಮನ್ ರೇನ್ಸ್ ಎಂಬ ಅಮೆರಿಕದ ಟಿವಿ ಕುಸ್ತಿಯ ಫೈಟರನ್ನು ಎರಡು ಪುಟ ಹೊಗಳಿದ್ದೀರಿ. 2015ರ ಮಾರ್ಚ್ ಸಂಚಿಕೆಯಲ್ಲಿ ಇದೇ ಮನುಷ್ಯನನ್ನು 'ಬಣ್ಣ ಬಳಿದ ಕೊರಡು' ಅಂದವರೂ ನೀವೇ. ಕಟಿಂಗ್ ಇಟ್ಟು ಕಳಿಸಿದ್ದೇನೆ. ಮೊಮ್ಮಗ ಟಿವಿ ಹಾಕಿದಾಗ ನಾನೂ ನೋಡುತ್ತೇನೆ. ಯಾರು ಗೆಲ್ಲಬೇಕು ಅನ್ನುವುದನ್ನು ಮೊದಲೇ ಬರೆದಿಟ್ಟಿರುತ್ತಾರಂತೆ. ಹಾಗಿದ್ದ ಮೇಲೆ ಒಬ್ಬನನ್ನು ವರ್ಷಗಟ್ಟಲೆ ಉಗಿಯುವುದೇಕೆ, ಆಮೇಲೆ ತಲೆ ಮೇಲೆ ಹೊತ್ತು ಕುಣಿಯುವುದೇಕೆ? ನಮ್ಮ ಯಕ್ಷಗಾನದ ಆಟದಲ್ಲಿ ಕೀಚಕನಿಗೆ ಚಪ್ಪಾಳೆ ಹೊಡೆಯುವವರು ಇದ್ದಾರೆ. ಭೀಮನಿಗೆ ಉಗಿಯುವವರನ್ನು ನಾನಂತೂ ಕಂಡಿಲ್ಲ."

ಮೇಷ್ಟ್ರಿಗೆ ನಮಸ್ಕಾರ.

ಕಟಿಂಗ್ ತಲುಪಿತು. ಅಚ್ಚಿನ ತಪ್ಪು ಅಂತ ಜಾರಿಕೊಳ್ಳೋಣವೆಂದರೆ ಕೆಳಗೆ ನನ್ನ ಹೆಸರು ದಪ್ಪ ಅಕ್ಷರದಲ್ಲಿದೆ. ಕೊರಡು ಅಂದಿದ್ದು ನಾನೇ, ಮೊನ್ನೆ ಹೊಗಳಿದ್ದೂ ನಾನೇ. ಎರಡನ್ನೂ ಮನಸಾರೆ ಬರೆದಿದ್ದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ, ತಾಳ್ಮೆ ಇರಲಿ.

ನಿಮ್ಮ ಕೀಚಕನಿಂದಲೇ ಶುರು ಮಾಡುತ್ತೇನೆ. ಕೀಚಕ ರಂಗಸ್ಥಳಕ್ಕೆ ಬಂದಾಗ ಜನ ಹಲ್ಲು ಕಡಿದರೆ ವೇಷಧಾರಿ ಗೆದ್ದ ಹಾಗೆ. ಅದು ಅವನ ಕೂಲಿ. ಫೈಟಿನ ಭಾಷೆಯಲ್ಲಿ ಖಳನಿಗೆ 'ಹೀಲ್' ಅಂತಾರೆ, ಒಳ್ಳೆಯವನಿಗೆ 'ಫೇಸ್' ಅಂತಾರೆ. ಹೀಲ್‌ಗೆ ಉಗಿದರೆ ಈ ಫೈಟ್ ನಡೆಸುವ WWE ಕಂಪನಿಗೆ ಖುಷಿ. ಫೇಸ್‌ಗೆ ಉಗಿದರೆ ತಲೆನೋವು. ಈಗ ಒಂದು ಊಹೆ ಮಾಡಿಕೊಳ್ಳಿ. ನೀವು ಆಟಕ್ಕೆ ಹೋಗಿದ್ದೀರಿ. ಇವತ್ತಿನ ಭೀಮ ಇಂಥವರೇ ಅಂತ ಇಡೀ ಊರು ಕಾದು ಕೂತಿದೆ. ಮೇಳದ ಯಜಮಾನರು ಅವರಿಗೆ ಎರಡು ಪದ್ಯ ಕೊಟ್ಟು ಚೌಕಿಗೆ ಕಳಿಸಿಬಿಡುತ್ತಾರೆ. ಆಮೇಲೆ ತಮಗೆ ಬೇಕಾದ, ನೋಡಲು ಚಂದ ಇರುವ ಹುಡುಗನ ತಲೆಗೆ ಕಿರೀಟ ಇಟ್ಟು, "ಇವನೇ ಭೀಮ, ಹೊಡೀರಿ ಚಪ್ಪಾಳೆ" ಅನ್ನುತ್ತಾರೆ. ನೀವು ಸಭ್ಯರು, ಕೂಗಲಿಕ್ಕಿಲ್ಲ. ಆದರೆ ಎದ್ದು ಚಾ ಕುಡಿಯಲು ಹೋಗುತ್ತೀರಿ, ಅಲ್ವಾ?

2015ರ ಜನವರಿ 25ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಗಿದ್ದು ಇದೇ. ಅವರು ಚಾ ಕುಡಿಯಲು ಹೋಗಲಿಲ್ಲ, ಕೂತಲ್ಲೇ ಗಂಟಲು ಹರಿಯುವ ಹಾಗೆ ಕೂಗಿದರು ಅಷ್ಟೆ. ಅವತ್ತು ರಾಯಲ್ ರಂಬಲ್. 30 ಜನ ಒಬ್ಬೊಬ್ಬರಾಗಿ ರಿಂಗಿಗೆ ಇಳಿಯುತ್ತಾರೆ. ಮೇಲಿನ ಹಗ್ಗ ದಾಟಿ ನೆಲಕ್ಕೆ ಬಿದ್ದವನು ಔಟ್. ಕೊನೆಗೆ ಉಳಿದವನಿಗೆ ವರ್ಷದ ದೊಡ್ಡ ಜಾತ್ರೆಯಾದ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಬೆಲ್ಟ್‌ಗಾಗಿ ಆಡುವ ಅವಕಾಶ. ಜನ ಕಾದಿದ್ದು ಡೇನಿಯಲ್ ಬ್ರಯಾನ್‌ಗಾಗಿ. ಗಿಡ್ಡ ಆಳು, ಪೊದೆಗಡ್ಡ, ಕತ್ತಿನ ಗಾಯದಿಂದ ಎದ್ದು ಬಂದಿದ್ದ. 10ನೆಯವನಾಗಿ ಬಂದ, ಸ್ವಲ್ಪ ಹೊತ್ತಿಗೇ ಹೊರಗೆ ಬಿದ್ದ. ಅಲ್ಲಿಂದ ಮುಂದೆ ಆ ಜನ ಯಾರಿಗೂ ಒಲಿಯಲಿಲ್ಲ. ಗೆದ್ದವನು ರೋಮನ್ ರೇನ್ಸ್. ಅವನ ಕೈ ಎತ್ತಿ ಹಿಡಿಯಲಿ ಅಂತ ಜನರ ಹಳೇ ನೆಚ್ಚಿನ ಫೈಟರ್ ದಿ ರಾಕ್‌ನನ್ನೇ ಕರೆಸಿದ್ದರು. ಆ ರಾಕ್‌ಗೂ ಸೇರಿಸಿ ಉಗಿದರು. ಕಂಪನಿಯ ಇಂಟರ್ನೆಟ್ ಚಾನೆಲ್‌ನ ಚಂದಾ ರದ್ದು ಮಾಡುತ್ತೇವೆ ಅಂತ ಟ್ವಿಟರ್ ತುಂಬಾ ಅದೇ ಗಲಾಟೆ. ಇಲ್ಲಿ ಅದು ಗಣರಾಜ್ಯೋತ್ಸವದ ಬೆಳಗ್ಗೆ. ನಾನು ಕಾಫಿ ಲೋಟ ಹಿಡಿದು ನೋಡುತ್ತಿದ್ದೆ. ನಾನೂ ಉಗಿದೆ. ಕೈಯಲ್ಲಿ ಪತ್ರಿಕೆ ಇತ್ತಲ್ಲ, ಮಾರ್ಚ್‌ನಲ್ಲಿ ಅಚ್ಚೂ ಹಾಕಿಸಿದೆ.

ನಾನು ಆಗ ಬರೆಯದೆ ಬಿಟ್ಟ ವಿಷಯವೊಂದಿದೆ. ಸರಿಯಾಗಿ ಒಂದು ವರ್ಷ ಹಿಂದೆ, 2014ರ ರಂಬಲ್‌ನಲ್ಲಿ, ಪಿಟ್ಸ್‌ಬರ್ಗ್‌ನ ಜನ ಇದೇ ರೋಮನ್ ಗೆಲ್ಲಲಿ ಅಂತ ಕೂಗಿದ್ದರು. ಅವನು 12 ಜನರನ್ನು ಎತ್ತಿ ಹೊರಗೆ ಹಾಕಿದ್ದ, ಅದು ಆಗಿನ ದಾಖಲೆ. ಬ್ರಯಾನ್‌ನನ್ನು ಅವತ್ತು ಆ 30 ಜನರಲ್ಲಿ ಸೇರಿಸಲೇ ಇಲ್ಲ. ಕಂಪನಿ ಗೆಲ್ಲಿಸಿದ್ದು ಆಗ ತಾನೇ ಮರಳಿದ್ದ ಬಟಿಸ್ಟಾನನ್ನು. ಉಗಿತವೆಲ್ಲ ಬಟಿಸ್ಟಾನ ಪಾಲಿಗೆ. ಅಂದರೆ ಅದೇ ಕೊರಡು, ಯಜಮಾನರು ಬೇರೆಯವನನ್ನು ಆರಿಸಿದ್ದಾಗ ಚಂದ ಕಂಡಿತ್ತು. ಯಜಮಾನರೇ ತಂದು ಎದುರಿಗಿಟ್ಟಾಗ ಬೇಡವಾಯಿತು. ನೀವು ಕೇಳಿದಿರಲ್ಲ, ಎಲ್ಲಾ ಬರೆದಿಟ್ಟದ್ದಲ್ವಾ ಅಂತ. ಗೆಲ್ಲುವವನ ಹೆಸರು ಬರೆದಿಡಬಹುದು. ಜನರ ಕೂಗನ್ನು ಬರೆದಿಡಲು ಬರುವುದಿಲ್ಲ. ಇಡೀ ಫೈಟಿನಲ್ಲಿ ನಿಜವಾದ ಕುಸ್ತಿ ನಡೆಯುವುದು ಅಲ್ಲಿ, ಯಜಮಾನರಿಗೂ ಜನರಿಗೂ ನಡುವೆ. ರೋಮನ್ ಆ ಇಬ್ಬರ ಮಧ್ಯೆ ಸಿಕ್ಕಿಹಾಕಿಕೊಂಡಿದ್ದ.

ಹಾಗಂತ ಅವನದೇನೂ ತಪ್ಪಿರಲಿಲ್ಲ ಅಂತಲ್ಲ. ಅವನ ಬಾಯಿಗೆ ಬರೆದುಕೊಟ್ಟ ಮಾತುಗಳು ಕೆಟ್ಟದಾಗಿದ್ದವು. ಅವನು ಅವನ್ನು ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿ ಮುಗಿಸುತ್ತಿದ್ದ. ಕಾರ್ಟೂನಿನ ಬೆಕ್ಕು ಹೇಳುವ ಮಾತನ್ನು ಒಮ್ಮೆ ಇವನ ಬಾಯಲ್ಲಿ ಹೇಳಿಸಿದ್ದರು. ಆರಡಿ ಮೂರಿಂಚಿನ ಗಂಡಸು ಹಾಗೆ ಮಾತಾಡಿದರೆ ಏನಂತ ಬರೆಯಲಿ ಹೇಳಿ?

ಅದೇ 2015ರ ಡಿಸೆಂಬರ್ 14ರಂದು ಮತ್ತೆ ಫಿಲಡೆಲ್ಫಿಯಾ. ಈ ಸಲ ರೋಮನ್ ಕಂಪನಿಯ ಯಜಮಾನ ವಿನ್ಸ್ ಮ್ಯಾಕ್‌ಮಹನ್‌ಗೇ ಗುದ್ದಿದ, ಶೇಮಸ್‌ನನ್ನು ಸೋಲಿಸಿ ಬೆಲ್ಟ್ ಗೆದ್ದ. ಜನವರಿಯಲ್ಲಿ ಉಗಿದ ಊರೇ ಎದ್ದು ನಿಂತು ಕುಣಿಯಿತು. ಯಜಮಾನನ ಮುಖಕ್ಕೆ ಬಿದ್ದ ಗುದ್ದು ಅಂದರೆ ಯಾರಿಗೆ ಇಷ್ಟವಿಲ್ಲ? ಕಂಪನಿಗೆ ದಾರಿ ಕಂಡಿತ್ತು. ಆದರೂ ಮತ್ತೆ ಹಳೇ ಚಾಳಿಗೇ ಬಿದ್ದರು. 31ನೇ ರೆಸಲ್‌ಮೇನಿಯಾದಿಂದ 34ನೆಯದರ ತನಕ ಸತತ ನಾಲ್ಕು ವರ್ಷ ಕೊನೆಯ ಪಂದ್ಯ ರೋಮನ್‌ನದೇ. 2018ರಲ್ಲಂತೂ ಜನ ರಿಂಗಿನ ಕಡೆ ನೋಡುವುದು ಬಿಟ್ಟು ಗಾಳಿ ತುಂಬಿದ ಚೆಂಡು ಆಡುತ್ತಾ ಕೂತರು.

ಆ ನಾಲ್ಕು ವರ್ಷಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ ರಾತ್ರಿ. 2017ರ ಏಪ್ರಿಲ್ 2ರಂದು ಒರ್ಲಾಂಡೋದಲ್ಲಿ ಅವನು ಅಂಡರ್‌ಟೇಕರ್‌ನನ್ನು ಸೋಲಿಸಿದ. ಅಂಡರ್‌ಟೇಕರ್ ಅಂದರೆ ಜನರಿಗೆ ಮನೆದೇವರು. ಮರುದಿನ ರಾತ್ರಿ ಅದೇ ಊರಿನಲ್ಲಿ ರೋಮನ್ ರಿಂಗಿಗೆ ಬಂದು ಮೈಕ್ ಹಿಡಿದು ನಿಂತ. ಜನ ಉಗಿಯಲು ಶುರು ಮಾಡಿದರು. ಅವನು ಮಾತಾಡಲಿಲ್ಲ. ಅವರು ನಿಲ್ಲಿಸಲಿಲ್ಲ. ಹೆಸರಿಗೆ ಹೆಸರು ಸೇರಿಸಿ, ಕೆಟ್ಟ ಮಾತಿಗೆ ಕೆಟ್ಟ ಮಾತು ಪೋಣಿಸಿ ನಿಮಿಷಗಟ್ಟಲೆ ಕೂಗಿದರು. ಅವನು ಮೈಕ್ ಬಾಯಿಗೆ ತರುವನು, ಕೂಗು ಏರುವುದು, ಮೈಕ್ ಇಳಿಸುವನು. ಕೊನೆಗೆ 'ಇದಿನ್ನು ನನ್ನ ಅಂಗಳ' ಅನ್ನುವ ಅರ್ಥದ ಒಂದೇ ಒಂದು ಸಾಲು ಹೇಳಿ, ಮೈಕ್ ಬಿಸಾಕಿ ಹೊರಟುಹೋದ. ಅವತ್ತೇ ನನಗೆ ಅನುಮಾನ ಬಂದಿತ್ತು, ಈ ಕೊರಡು ಕೊನರಬಹುದು ಅಂತ. ಬರೆಯಲಿಲ್ಲ. ಬರೆದಿದ್ದರೆ ಇವತ್ತು ನಿಮ್ಮ ಮುಂದೆ ಸ್ವಲ್ಪ ಮಾನ ಉಳಿಯುತ್ತಿತ್ತು.

2018ರ ಅಕ್ಟೋಬರ್‌ನಲ್ಲಿ ಅವನು ರಿಂಗಿನಲ್ಲಿ ನಿಂತು ತನ್ನ ನಿಜ ಹೆಸರು ಜೋ, ತನಗೆ ರಕ್ತದ ಕ್ಯಾನ್ಸರ್ ಮರುಕಳಿಸಿದೆ ಅಂದ. ಬೆಲ್ಟ್ ಅಲ್ಲೇ ಇಟ್ಟು ಹೋದ. ಉಗಿದವರೆಲ್ಲ ಕಣ್ಣೊರೆಸಿಕೊಂಡರು. ಕಾಯಿಲೆ ಹತೋಟಿಗೆ ಬಂದು ನಾಲ್ಕು ತಿಂಗಳಲ್ಲಿ ಮರಳಿದಾಗ ಚಪ್ಪಾಳೆ ಬಿತ್ತು. ಜನ ಅವನನ್ನು ಒಪ್ಪಿಕೊಂಡದ್ದು ಆಗ ಅಂತ ಬಹಳ ಮಂದಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಮನುಷ್ಯನಿಗೆ ಸಿಕ್ಕ ಚಪ್ಪಾಳೆ. ವೇಷ ಇನ್ನೂ ಸಪ್ಪೆಯಾಗಿಯೇ ಇತ್ತು.

ವೇಷ ಬದಲಾದದ್ದು 2020ರಲ್ಲಿ. ಕೊರೋನಾ ಕಾಲ. ಪ್ರೇಕ್ಷಕರಿಲ್ಲದ ಸಭಾಂಗಣ, ಸುತ್ತ ಪರದೆಗಳ ಮೇಲೆ ಮನೆಯಿಂದ ನೋಡುವವರ ಮುಖ, ಕೂಗು ಕೂಡ ಸ್ಪೀಕರಿನಿಂದ. ಮೇಷ್ಟ್ರೇ, ಇಷ್ಟು ವರ್ಷ ಬರೆದಿಡಲು ಬಾರದಿದ್ದ ಕೂಗನ್ನೂ ಆಗ ಬರೆದೇ ಇಟ್ಟಿದ್ದರು! ಆ ಸಭಾಂಗಣ ಒರ್ಲಾಂಡೋದ್ದೇ, 2017ರಲ್ಲಿ ನಿಮಿಷಗಟ್ಟಲೆ ಉಗಿದಿದ್ದು ಅಲ್ಲೇ. ಆಗಸ್ಟ್ 23ರಂದು ರೋಮನ್ ಅಲ್ಲಿಗೆ ಹೀಲ್ ಆಗಿ ಮರಳಿದ. ವಾರದೊಳಗೆ ಪಕ್ಕದಲ್ಲಿ ಸಲಹೆಗಾರನಾಗಿ ಪಾಲ್ ಹೇಮನ್ ಬಂದು ನಿಂತ, ಶಕುನಿಗೆ ಕೋಟು ಹಾಕಿಸಿದ ಹಾಗೆ.

ಆಮೇಲಿನ ಕತೆ ಅಣ್ಣತಮ್ಮಂದಿರದು. ಅದು ನಿಮಗೆ ಗೊತ್ತಿರುವ ಪ್ರಸಂಗವೇ. ಸಮೋವಾ ಮೂಲದ ದೊಡ್ಡ ಕುಸ್ತಿ ಮನೆತನ, ಅದರ ಯಜಮಾನ ತಾನು, ಎಲ್ಲರೂ ತನ್ನನ್ನು ಒಪ್ಪಿಕೊಳ್ಳಬೇಕು ಅನ್ನುವುದು ಅವನ ಹಟ. ದಾಯಾದಿ ತಮ್ಮ ಜೇ ಊಸೋ ಒಪ್ಪಲಿಲ್ಲ. ಅಕ್ಟೋಬರ್‌ನಲ್ಲಿ ಕಬ್ಬಿಣದ ಪಂಜರದೊಳಗೆ ಪಂದ್ಯ. 'ಸೋತೆ' ಅಂತ ಬಾಯಿಬಿಟ್ಟು ಹೇಳುವ ತನಕ ಮುಗಿಯುವುದಿಲ್ಲ. ಜೇ ನೆಲಕ್ಕೆ ಬಿದ್ದಿದ್ದಾನೆ, ಸೋತೆ ಅನ್ನುವುದಿಲ್ಲ. ಅವನ ಅವಳಿ ಜಿಮ್ಮಿ ಬಂದು ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಳ್ಳುತ್ತಾನೆ. ರೋಮನ್ ಅಳುತ್ತಾನೆ. ನಿಜವಾಗಿ ಅಳುತ್ತಾನೆ, ಕೈ ಚಾಚುತ್ತಾನೆ. ಜಿಮ್ಮಿ ಕೈ ಹಿಡಿದದ್ದೇ ತಡ, ರೋಮನ್ ಅವನ ಕುತ್ತಿಗೆ ಅಮುಕುತ್ತಾನೆ. ಅದನ್ನು ನೋಡಲಾಗದೆ ಜೇ 'ಸೋತೆ' ಅನ್ನುತ್ತಾನೆ. ತನಗಾಗಿ ಅನ್ನದವನು ಅಣ್ಣತಮ್ಮನಿಗಾಗಿ ಅಂದ. ಒಂದು ಪೆಟ್ಟಿಗೂ ಮೊದಲಿನ ರೋಮನ್‌ನ ಅವಸರವಿಲ್ಲ. ಮಾತು ನಿಧಾನ, ಮಧ್ಯೆ ಮೌನ, ಕಣ್ಣು ಮಾತ್ರ ಓಡಾಟ. 2017ರಲ್ಲಿ ಮೈಕ್ ಇಳಿಸಿ ಕಾಯುವುದನ್ನು ಅವನಿಗೆ ಕಲಿಸಿದ್ದು ಉಗಿಯುವ ಜನರೇ.

2021ರ ಜುಲೈನಲ್ಲಿ ಜನ ಮರಳಿ ಬಂದಾಗ ಉಗಿದರು, ಹೀಲ್‌ಗೆ ಉಗಿಯುವ ಹಾಗೆ, ಖುಷಿಯಿಂದ. 2020ರಲ್ಲಿ ಮರಳಿದ ಮೇಲೆ ಗೆದ್ದ ಬೆಲ್ಟ್ ಅವನ ಹತ್ತಿರ 1316 ದಿನ ಇತ್ತು. ಅಷ್ಟು ದಿನ ಬೇಕಿರಲಿಲ್ಲ, ಕೊನೆಕೊನೆಗೆ ಎಳೆದರು ಅನ್ನುವುದು ನನ್ನ ಅಭಿಪ್ರಾಯ. ಸೋತದ್ದು 2024ರ ಏಪ್ರಿಲ್ 7ರಂದು, ಕೋಡಿ ರೋಡ್ಸ್ ಎದುರು. ಎಲ್ಲಿ ಹೇಳಿ? ಫಿಲಡೆಲ್ಫಿಯಾದಲ್ಲೇ. ನಾಲ್ಕು ತಿಂಗಳು ಕಾಣಿಸಲಿಲ್ಲ. ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಅವನ ಹಾಡು ಶುರುವಾದ ಕೂಡಲೇ ಕ್ರೀಡಾಂಗಣ ಹಾರಿಹೋಗುವ ಹಾಗೆ ಜೈಕಾರ. ಚಪ್ಪಾಳೆ ಹೊಡೀರಿ ಅಂತ ಅವತ್ತು ಯಾರೂ ಹೇಳಿರಲಿಲ್ಲ.

ನಿಮ್ಮ ಮೊಮ್ಮಗ ಜಾನ್ ಸೀನಾ ಟೊಪ್ಪಿ ಹಾಕಿಕೊಂಡೇ ಮಲಗುತ್ತಾನೆ ಅಂತ ಬರೆದಿದ್ದೀರಿ. ಆ ಸೀನಾನ ಕತೆ ಇದಕ್ಕೆ ಉಲ್ಟಾ. ಜನ ಉಗಿದ ಅಷ್ಟೂ ವರ್ಷ ಅವನು ಬದಲಾಗಲೇ ಇಲ್ಲ, 2025ರಲ್ಲಿ ಮಾತ್ರ ಕೆಲವು ತಿಂಗಳು ಹೀಲ್ ಆದ. ಮಕ್ಕಳು ಸೀನಾಗೆ ಜೈ ಅಂದರೆ ಗಡ್ಡ ಬಂದವರು ಧಿಕ್ಕಾರ ಅನ್ನುತ್ತಿದ್ದರು, ಒಂದೇ ರಾಗದಲ್ಲಿ, ಭಜನೆಯ ಎರಡು ಗುಂಪಿನ ಹಾಗೆ. 2006ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 'ಸೀನಾ ಗೆದ್ದರೆ ದೊಂಬಿ' ಅಂತ ಫಲಕ ಹಿಡಿದಿದ್ದರು. ಅವನು ಅಂಗಿ ಬಿಚ್ಚಿ ಜನರತ್ತ ಎಸೆದರೆ ಅವರು ಅದನ್ನು ವಾಪಸ್ ಎಸೆದರು. ಮತ್ತೆ ಎಸೆದ, ಮತ್ತೆ ಬಂತು. 2015ರಲ್ಲಿ ಅವನು ಸಣ್ಣ ಬೆಲ್ಟೊಂದನ್ನು ಹಿಡಿದು 'ಯಾರು ಬೇಕಾದರೂ ಬನ್ನಿ' ಅಂತ ವಾರ ವಾರ ಕರೆದ. ಹೊಸಬರನ್ನು ತನ್ನ ಎದುರು ಮೆರೆಸಿದ. ಆಗ ದೊಡ್ಡವರೂ ಕರಗತೊಡಗಿದರು. ಕಾಯಿಲೆ ಮಕ್ಕಳ ಆಸೆ ಪೂರೈಸುವ ಸಂಸ್ಥೆಯ ಮೂಲಕ 650ಕ್ಕೂ ಹೆಚ್ಚು ಮಕ್ಕಳನ್ನು ಭೇಟಿಯಾಗಿದ್ದಾನೆ, ಅದೇ ದಾಖಲೆ. 2023ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿಗೂ ಬಂದು ಆಡಿದ. ಕೊನೆಯ ಪಂದ್ಯ 2025ರ ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ, ಗುಂಥರ್ ಎದುರು. ಸೋಲೊಪ್ಪುವುದಿಲ್ಲ ಅಂತ ಜೀವನವಿಡೀ ಹೇಳಿದವನು ಅವತ್ತು ಕೈ ತಟ್ಟಿ ಸೋಲೊಪ್ಪಿಕೊಂಡ. ಅವನನ್ನು ಸೋಲಿಸಿದ್ದಕ್ಕೆ ಜನ ಕಂಪನಿಗೆ ಉಗಿದರು. 2006ರ ದೊಂಬಿಯವರೂ ಆ ಗುಂಪಿನಲ್ಲಿ ಇದ್ದಿರಬಹುದು, ಈಗ ತಲೆ ನರೆತು.

ದಿ ರಾಕ್ ಕತೆ ಚುಟುಕಾಗಿ ಹೇಳುತ್ತೇನೆ. 1996ರ ನವೆಂಬರ್‌ನಲ್ಲಿ ಅವನು ಬಂದದ್ದು ರಾಕಿ ಮೈವಿಯಾ ಅಂತ. ಅಪ್ಪನ ಹೆಸರು ಅರ್ಧ, ಅಜ್ಜನ ಹೆಸರು ಅರ್ಧ, ಮುಖದ ತುಂಬ ನಗು. ಕೆಲವೇ ತಿಂಗಳಲ್ಲಿ ಜನ 'ಸಾಯಿ ರಾಕಿ' ಅಂತ ಕೂಗತೊಡಗಿದರು. 1997ರ ಆಗಸ್ಟ್‌ನಲ್ಲಿ ಅವನು ಖಳರ ಗುಂಪು ಸೇರಿ, ಅದೇ ಕೂಗನ್ನು ಅವರ ಮುಖಕ್ಕೇ ತಿರುಗಿಸಿ ಎಸೆದ. ಮುಂದೆ ಅದೇ ಜನರ ಕಣ್ಮಣಿಯಾದ, ಅದು ನಿಮಗೇ ಗೊತ್ತು. ನಮ್ಮ ಹುಡುಗರು ಆಗ ಇವರನ್ನೆಲ್ಲ ಟ್ರಂಪ್ ಕಾರ್ಡ್‌ಗಳಲ್ಲಿ ಅಳೆಯುತ್ತಿದ್ದರು. ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕ್. ಉಗಿಸಿಕೊಂಡದ್ದು ಎಷ್ಟು ಅನ್ನುವ ಕಾಲಂ ಇರಲಿಲ್ಲ.

ಹಾಗಾದರೆ ಉಗಿಸಿಕೊಂಡವರೆಲ್ಲ ಒಂದು ದಿನ ಮೆಚ್ಚುಗೆ ಪಡೆಯುತ್ತಾರಾ? ಇಲ್ಲ. ಜಿಂದರ್ ಮಹಲ್‌ನನ್ನು ನೋಡಿ. 2017ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಅವನನ್ನು ಚಾಂಪಿಯನ್ ಮಾಡಿದರು. ಕೆನಡಾದಲ್ಲಿ ಹುಟ್ಟಿದ ಪಂಜಾಬಿ. ಹೀಲ್ ಆಗಿ ಪಂಜಾಬಿಯಲ್ಲಿ ಮಾತಾಡಿದ. ಭಾರತದವರು ಮುಗಿಬಿದ್ದು ನೋಡುತ್ತಾರೆ ಅನ್ನುವ ಲೆಕ್ಕಾಚಾರ ಎದ್ದು ಕಾಣುತ್ತಿತ್ತು. 170 ದಿನ ಬೆಲ್ಟ್ ಇಟ್ಟುಕೊಂಡ. ಡಿಸೆಂಬರ್‌ನಲ್ಲಿ ದೆಹಲಿಗೆ ಕರೆತರುವ ಹೊತ್ತಿಗೆ ಬೆಲ್ಟೂ ಇರಲಿಲ್ಲ, ನಮ್ಮವರ ಎದುರೇ ಟ್ರಿಪಲ್ ಎಚ್‌ಗೆ ಸೋತ. ಪಾಪ, ಮೈ ಕಟ್ಟಲು ಪಟ್ಟ ಪಾಡು ಸುಳ್ಳಲ್ಲ. ಆದರೆ 'ನಿಮ್ಮವನು, ತಗೊಳ್ಳಿ' ಅಂತ ಕೊಟ್ಟದ್ದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅವನ ಆ ಆರು ತಿಂಗಳನ್ನು ಮತ್ತೆ ಕೂತು ನೋಡಿದೆ. ಈಗಲೂ ಸಪ್ಪೆ.

ನಿಮ್ಮ ಕಟಿಂಗ್‌ನ ಮಡಿಕೆ ಹರಿದಿತ್ತು, ಅಂಟಿಸಿ ವಾಪಸ್ ಕಳಿಸುತ್ತಿದ್ದೇನೆ. ಜಿಂದರ್ ಬಗ್ಗೆ ಬರೆದ ಈ ಹಾಳೆಯನ್ನೂ ಅದರ ಜತೆಗೇ ಇಟ್ಟುಕೊಳ್ಳಿ.