ಮಳೆಯಲ್ಲಿ ಚಾರಣ: ಜಾಕೆಟ್ ಒಳಗೆಲ್ಲ ಒದ್ದೆ, ಬ್ಯಾಗಿನೊಳಗೆ ನೀರು, ಬೆಳ್ಳಗಾದ ಪಾದ

ಪ್ರಶ್ನೆ: ನನ್ನ ವಾಟರ್‌ಪ್ರೂಫ್ ಜಾಕೆಟ್‌ಗೆ ಎರಡು ವರ್ಷ. ಮೊದಲೆಲ್ಲ ಚೆನ್ನಾಗಿತ್ತು. ಈಗ ಒಂದು ಗಂಟೆ ಮಳೆಯಲ್ಲಿ ನಡೆದರೆ ಒಳಗಿನ ಅಂಗಿ ತೊಪ್ಪೆಯಾಗುತ್ತದೆ. ಹೊಸದು ಕೊಳ್ಳಬೇಕೇ?

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಒಣಗಿದ ಜಾಕೆಟ್ಟನ್ನು ಹರಡಿ ಭುಜದ ಮೇಲೆ ನೀರು ಚಿಮುಕಿಸಿ. ಹನಿಗಳು ಮಣಿಯಂತೆ ಉರುಳಿ ಬಿದ್ದರೆ ಹೊರಗಿನ ಲೇಪ ಸರಿಯಿದೆ. ಬಟ್ಟೆ ನೀರನ್ನು ಹೀರಿಕೊಂಡು ಅಲ್ಲಿ ಕಪ್ಪು ಮಚ್ಚೆ ಮೂಡಿದರೆ ಲೇಪ ಕೆಲಸ ನಿಲ್ಲಿಸಿದೆ ಎಂದರ್ಥ.

ಒಳಪದರ ಆಗಲೂ ಮಳೆಯನ್ನು ತಡೆಯುತ್ತಿರುತ್ತದೆ. ಆದರೆ ಹೊರಗಿನ ಬಟ್ಟೆ ನೀರು ಕುಡಿದು ತಣ್ಣಗಾಗಿರುವುದರಿಂದ ಬೆವರಿನ ಆವಿಗೆ ಹೊರಹೋಗಲು ದಾರಿಯಿಲ್ಲ. ಅದು ಒಳಗೇ ನೀರಾಗಿ ಅಂಗಿಗೆ ಇಳಿಯುತ್ತದೆ. ಸೋರಿಕೆ ಎಂದು ಹೆಚ್ಚಿನವರು ದೂರುವುದು ತಮ್ಮದೇ ಬೆವರನ್ನು. ನಿಜವಾದ ಸೋರಿಕೆ ಹೊಲಿಗೆ, ಝಿಪ್ ಅಥವಾ ಬ್ಯಾಗಿನ ಪಟ್ಟಿ ಒತ್ತುವ ಭುಜದಲ್ಲಿ ತೇಪೆತೇಪೆಯಾಗಿ ಕಾಣುತ್ತದೆ. ಬೆವರಿನ ಒದ್ದೆ ಬೆನ್ನು, ಎದೆ, ಮುಂಗೈಗಳ ಮೇಲೆಲ್ಲ ಸಮನಾಗಿ ಹರಡಿರುತ್ತದೆ. ಒಳಗಿನ ಲೇಪವೇ ಹೊಪ್ಪಳಿಸಿ ಉದುರುತ್ತಿದ್ದರೆ ಮಾತ್ರ ಜಾಕೆಟ್‌ನ ಆಯಸ್ಸು ಮುಗಿಯಿತು.

ಬೆವರು, ಧೂಳು, ಸನ್‌ಸ್ಕ್ರೀನಿನ ಎಣ್ಣೆ, ಇವೇ ಲೇಪವನ್ನು ಮುಚ್ಚಿಹಾಕುವುದು. ಝಿಪ್‌ಗಳನ್ನೆಲ್ಲ ಹಾಕಿ, ವಾಟರ್‌ಪ್ರೂಫ್ ಬಟ್ಟೆಗೆಂದೇ ಸಿಗುವ ದ್ರವ ಸೋಪಿನಲ್ಲಿ ಒಗೆಯಿರಿ, ಎರಡು ಸಲ ಜಾಲಿಸಿ. ಫ್ಯಾಬ್ರಿಕ್ ಸಾಫ್ಟ್‌ನರ್ ಮುಟ್ಟಿಸಲೇಬೇಡಿ, ಅದು ಬಿಟ್ಟುಹೋಗುವ ಪದರ ನೀರನ್ನು ಹೀರಿಕೊಳ್ಳುತ್ತದೆ. ಆಮೇಲೆ ಲೇಬಲ್ ಅನುಮತಿಸಿದರೆ ಡ್ರೈಯರ್‌ನಲ್ಲಿ ಕಡಿಮೆ ಬಿಸಿಯಲ್ಲಿ 20 ನಿಮಿಷ ಹಾಕಿ. ಅದಿಲ್ಲದಿದ್ದರೆ ಮೇಲೊಂದು ತೆಳು ಬಟ್ಟೆ ಹಾಸಿ, ಹಬೆಯಿಲ್ಲದೆ, ತೀರಾ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಎಷ್ಟೋ ಸಲ ಇಷ್ಟರಿಂದಲೇ ಲೇಪ ಮತ್ತೆ ಚುರುಕಾಗುತ್ತದೆ. ಆಗಲಿಲ್ಲವೆಂದರೆ ನೀರು ಜಾರಿಸುವ ಸ್ಪ್ರೇ ಹೊಡೆದು, ಹೆಚ್ಚಾದದ್ದನ್ನು ಒರೆಸಿ, ಒಣಗಿಸಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಬೆಚ್ಚಗಿನ, ತೇವ ತುಂಬಿದ ಗಾಳಿಯಲ್ಲಿ ಸುರಿಯುವ ಮಳೆಗೆ ಯಾವ ಜಾಕೆಟ್ಟೂ ಪೂರ್ತಿ ಉತ್ತರವಲ್ಲ. ಒಳಗಿಗಿಂತ ಹೊರಗಿನ ಗಾಳಿ ಒಣಗಿದ್ದರೆ ತಾನೇ ಆವಿ ಹೊರಗೆ ಹೋಗುವುದು? ಆದ್ದರಿಂದ ಕಂಕುಳಿನ ಝಿಪ್ ತೆರೆದಿಡಿ. ಏರು ಶುರುವಾಗುವ ಮೊದಲೇ ಒಳಗಿನ ಒಂದು ಪದರ ಕಳಚಿ. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಎನಿಸಿದರೆ ಬಟ್ಟೆ ಸರಿಯಾಗಿದೆ. ಮೈಗೆ ತಾಗುವ ಅಂಗಿ ಹತ್ತಿಯದಾಗಿರಬಾರದು. ಹತ್ತಿ ನೀರನ್ನು ಹಿಡಿದಿಟ್ಟುಕೊಂಡು ಗಂಟೆಗಟ್ಟಲೆ ತಣ್ಣಗೆ ಅಂಟಿಕೊಂಡಿರುತ್ತದೆ. ತೆಳು ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ ಧರಿಸಿ. ಗಾಳಿಯಿಲ್ಲದ ಅಗಲ ದಾರಿಯಲ್ಲಿ ಗಟ್ಟಿ ಕಡ್ಡಿಯ ಪುಟ್ಟ ಕೊಡೆ ಜಾಕೆಟ್ಟಿಗಿಂತ ಎಷ್ಟೋ ಹಿತ.

ಪ್ರಶ್ನೆ: ಬ್ಯಾಗಿಗೆ ರೇನ್ ಕವರ್ ಹಾಕಿದ್ದರೂ ಸ್ಲೀಪಿಂಗ್ ಬ್ಯಾಗ್ ಒದ್ದೆಯಾಯಿತು. ಎಲ್ಲಿ ತಪ್ಪಿದೆ?

ಕವರ್ ಮುಚ್ಚುವುದು ಬ್ಯಾಗಿನ ಹೊರಮೈಯನ್ನು ಮಾತ್ರ. ಕುತ್ತಿಗೆಯ ಹಿಂದಿನಿಂದ ಇಳಿಯುವ ನೀರು ನಿಮ್ಮ ಬೆನ್ನಿಗೂ ಬ್ಯಾಗಿಗೂ ನಡುವೆ ಹರಿದು, ಬೆನ್ನಿನ ಸ್ಪಂಜು ಮತ್ತು ಪಟ್ಟಿಯ ಹೊಲಿಗೆಗಳ ಮೂಲಕ ಒಳಗೆ ಜಿನುಗುತ್ತದೆ. ಕೊನೆಗೆ ತಳದಲ್ಲಿ ನಿಲ್ಲುತ್ತದೆ, ಸ್ಲೀಪಿಂಗ್ ಬ್ಯಾಗ್ ಇರುವುದೂ ಅಲ್ಲೇ.

ಕವರ್ ಇರಲಿ, ಆದರೆ ನಂಬಿಕೆ ಒಳಚೀಲದ ಮೇಲಿರಲಿ. 50 ಲೀಟರಿನ ಬ್ಯಾಗಿಗೆ 70-80 ಲೀಟರಿನ ದಪ್ಪ ಪ್ಲಾಸ್ಟಿಕ್ ಚೀಲ ಬೇಕು. ತೆಳು ಕಸದ ಚೀಲ ಒಂದೇ ದಿನಕ್ಕೆ ಹರಿಯುತ್ತದೆ. ಚೀಲವನ್ನು ಬ್ಯಾಗಿನೊಳಗೆ ಇಳಿಸಿ, ತಳಕ್ಕೆ ಸ್ಲೀಪಿಂಗ್ ಬ್ಯಾಗ್, ಅದರ ಮೇಲೆ ರಾತ್ರಿಯ ಬಟ್ಟೆ, ಬೆಚ್ಚನೆಯ ಜಾಕೆಟ್ ತುಂಬಿ. ಎರಡೂ ಕೈಯಿಂದ ಒತ್ತಿ ಗಾಳಿ ತೆಗೆಯಿರಿ. ಬಾಯನ್ನು ಹಗ್ಗದಂತೆ ಗಟ್ಟಿಯಾಗಿ ತಿರುಚಿ, ಮಡಚಿ, ರಬ್ಬರ್ ಬ್ಯಾಂಡ್ ಹಾಕಿ. ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್ ಬಳಸುವುದಾದರೆ ಕನಿಷ್ಠ ಮೂರು ಸುತ್ತು ಸುತ್ತಬೇಕು. ಒದ್ದೆ ಟೆಂಟ್ ಮತ್ತು ದಾರಿಯಲ್ಲಿ ಬೇಕಾಗುವ ತಿಂಡಿ ಈ ಚೀಲದ ಹೊರಗಿರಲಿ. ನಡುದಾರಿಯ ಮಳೆಯಲ್ಲಿ ಇದರ ಬಾಯಿ ಬಿಚ್ಚುವ ಪ್ರಸಂಗವೇ ಬರಬಾರದು.

ಇಲ್ಲಿಯೇ ನಮಗೆ ಅತಿ ಮುಖ್ಯವೆನಿಸುವ ಕಟ್ಟುಪಾಡು ಬರುತ್ತದೆ. ರಾತ್ರಿಯ ಒಂದು ಜೊತೆ ಬಟ್ಟೆ ಮತ್ತು ಸಾಕ್ಸ್ ನಡೆಯುವುದಕ್ಕಲ್ಲ. ಬೆಳಿಗ್ಗೆ ಎದ್ದು ನಿನ್ನೆಯ ಒದ್ದೆ ಅಂಗಿ, ಒದ್ದೆ ಸಾಕ್ಸನ್ನೇ ಹಿಂಡಿ ತೊಡಬೇಕು. ಕಷ್ಟವೇ, ಮೈ ಝುಮ್ಮೆನ್ನುತ್ತದೆ. ಆದರೆ ನಡೆಯಲು ತೊಡಗಿದ ಹತ್ತು ನಿಮಿಷಕ್ಕೆ ಮೈ ಕಾಯುತ್ತದೆ. ಒಣ ಬಟ್ಟೆ ತೊಟ್ಟು ಹೊರಟರೆ ಅದೂ ಅರ್ಧ ಗಂಟೆಯಲ್ಲಿ ತೊಯ್ಯುತ್ತದೆ, ಆ ರಾತ್ರಿಗೆ ಏನೂ ಉಳಿಯುವುದಿಲ್ಲ. ಇಡೀ ದಿನ ಒದ್ದೆಯಾಗಿ ನಡೆದವರು ಒಣಗಿದ ರಾತ್ರಿ ಸಿಕ್ಕರೆ ಮರುದಿನವೂ ನಡೆದಾರು.

ಪ್ರಶ್ನೆ: ವಾಟರ್‌ಪ್ರೂಫ್ ಶೂ ಹಾಕಿಯೂ ಪಾದ ಬೆಳ್ಳಗೆ ಸುಕ್ಕುಗಟ್ಟಿ ಉರಿಯುತ್ತದೆ. ಏನು ಮಾಡಲಿ?

ಜಡಿಮಳೆಯಲ್ಲಿ ನೀರು ಕಾಲಿನಿಂದ ಹರಿದು ಶೂವಿನ ಬಾಯಿಂದಲೇ ಒಳಗೆ ಬೀಳುತ್ತದೆ. ಒಳಗೆ ಬಂದ ಮೇಲೆ ವಾಟರ್‌ಪ್ರೂಫ್ ಪದರ ಅದನ್ನು ಹೊರಗೆ ಬಿಡುವುದಿಲ್ಲ. ಹಿಮ, ಕೊರೆವ ಚಳಿ ಇಲ್ಲದ ಕಡೆ ಬಲೆಬಟ್ಟೆಯ ಹಗುರ ಶೂ ಮೇಲು. ಬೇಗ ಒದ್ದೆಯಾಗುತ್ತದೆ, ಆದರೆ ಹೆಜ್ಜೆ ಹೆಜ್ಜೆಗೂ ನೀರನ್ನು ಹೊರಗೆ ಹಿಂಡುತ್ತದೆ.

ಹೊರಡುವ ಮುನ್ನ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಚರ್ಮ ನೀರು ಹೀರುವುದು ನಿಧಾನವಾಗುತ್ತದೆ. ಊಟದ ಹೊತ್ತಿಗೆ ಶೂ, ಸಾಕ್ಸ್ ಕಳಚಿ ಹಿಂಡಿ, ಪಾದಕ್ಕೆ ಗಾಳಿಯಾಡಿಸಿ, ಬೆರಳ ಸಂದಿನ ಮರಳನ್ನು ಒರೆಸಿ. ಒದ್ದೆ ಚರ್ಮದ ಮೇಲೆ ಒಂದು ಕಾಳು ಮರಳೂ ಉಜ್ಜುಕಾಗದ. ರಾತ್ರಿ ಪಾದವನ್ನು ಪೂರ್ತಿ ಒಣಗಿಸಿ, ಸಡಿಲ ಉಣ್ಣೆ ಸಾಕ್ಸ್ ಹಾಕಿ ಮಲಗಿ. ಬೆಳಗಾದರೂ ಪಾದ ಮರಗಟ್ಟಿಯೇ ಇದ್ದರೆ, ಊದಿದ್ದರೆ, ಚಾರಣ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಟೆಂಟ್ ಸೋರುತ್ತಿಲ್ಲ, ಆದರೂ ಬೆಳಿಗ್ಗೆ ಒಳಗೋಡೆಯಲ್ಲಿ ನೀರು.

ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ. ಮಳೆಯಿದ್ದರೂ ಮೇಲಿನ ಗಾಳಿಕಿಂಡಿ ಮುಚ್ಚಬೇಡಿ. ಒದ್ದೆ ಬಟ್ಟೆಯನ್ನು ಒಳಗೆ ಹರವದೆ ಹೊರಗಿನ ಮುಚ್ಚುಗೆಯಡಿ ಇಡಿ. ನೈಲಾನ್ ಒದ್ದೆಯಾದಂತೆ ಸಡಿಲಗೊಂಡು ಒಳಪದರಕ್ಕೆ ಅಂಟುತ್ತದೆ, ಮಲಗುವ ಮುನ್ನ ಹಗ್ಗಗಳನ್ನು ಇನ್ನೊಮ್ಮೆ ಬಿಗಿಯಿರಿ. ಕೆಳಗೆ ಹಾಸುವ ಹಾಳೆ ಟೆಂಟಿನ ಅಂಚಿನಿಂದ ಬೆರಳಷ್ಟೂ ಹೊರಗೆ ಕಾಣಬಾರದು, ಕಂಡರೆ ಮಳೆನೀರನ್ನು ಹಿಡಿದು ನಿಮ್ಮಡಿಗೇ ತರುತ್ತದೆ.

ಪ್ರಶ್ನೆ: ಚಳಿ ಅಪಾಯದ ಮಟ್ಟಕ್ಕೆ ಹೋಗಿದೆ ಎಂದು ತಿಳಿಯುವುದು ಹೇಗೆ?

ಹಿಮ ಬೀಳುವ ಚಳಿಯೇ ಬೇಕೆಂದಿಲ್ಲ. 10 ಡಿಗ್ರಿಯ ಮಳೆಗೆ ಗಾಳಿ ಸೇರಿದರೆ ಸಾಕು, ಒದ್ದೆ ಮೈ ತಣ್ಣಗಾಗುತ್ತ ಹೋಗುತ್ತದೆ. ತಡೆಯಲಾಗದ ನಡುಕ, ಝಿಪ್ ಹಾಕಲೂ ಬಾರದ ಬೆರಳು, ಎಡವುವ ಹೆಜ್ಜೆ, ತೊದಲುವ ಮಾತು, ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿ. ಬಳಲಿದವರು ‘ನನಗೇನೂ ಆಗಿಲ್ಲ’ ಎಂದೇ ಹೇಳುತ್ತಾರೆ, ಆ ಮಾತನ್ನು ಕೇಳಬೇಡಿ. ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ಕಳಚಿ, ನೆಲದ ಚಳಿ ತಾಗದಂತೆ ಮ್ಯಾಟ್ ಹಾಸಿ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿ. ಎಚ್ಚರವಿದ್ದು ನುಂಗಬಲ್ಲವರಿಗೆ ಬಿಸಿ ಸಿಹಿ ಪಾನೀಯ ಕೊಡಿ. ಮದ್ಯ ಬೇಡ, ಕೈಕಾಲು ತಿಕ್ಕುವುದೂ ಬೇಡ. ಮೈ ಬೆಚ್ಚಗಾಗದೆಯೇ ನಡುಕ ನಿಂತು ಮಂಪರು ಕವಿದರೆ ತಡಮಾಡದೆ ರಕ್ಷಣಾ ತಂಡವನ್ನು ಕರೆಯಿರಿ. ಬ್ಯಾಗಿನ ತಳದಲ್ಲಿ ಕಾಪಾಡಿದ ಆ ಒಣ ಜೊತೆಯನ್ನು ಹಗಲಿನಲ್ಲಿ ಬಿಚ್ಚಬಹುದಾದ ಒಂದೇ ಸಂದರ್ಭ ಇದು. ಹಿಂದೆಮುಂದೆ ನೋಡದೆ ಬಿಚ್ಚಿ ತೊಡಿಸಿ.